ಗುಜರಿಯ ಆನೆ

ಟ್ರ್ಯಾಕ್ಟರ್ ಮೆಕ್ಯಾನಿಕ್ ಯಜಮಾನರು ಅಕ್ಕನ ಮನೆಯಲ್ಲಿ ಒಂದು ತಿಂಗಳಿದ್ದು ಹಿಂತಿರುಗಿ ಹಿತ್ತಲಿನ ಶೆಡ್ಡಿನ ಬಾಗಿಲು ತೆಗೆದರೆ, ಒಳಗೆ ಗಾಳಿ ಬಿಟ್ಟು ಇನ್ನೇನೂ ಇರಲಿಲ್ಲ. ಮುರಿದ ನೇಗಿಲುಗಳಿಲ್ಲ, ಮೊಂಡು ಕುಡುಗೋಲುಗಳಿಲ್ಲ, ಒಕ್ಕಣೆ ಯಂತ್ರದ ತಗಡುಗಳಿಲ್ಲ. 'ಎಂದಾದರೂ ಬೇಕಾದೀತು' ಎಂದು ಕೂಡಿಟ್ಟ ಅಮೂಲ್ಯ ಸಂಪತ್ತು (ಹೆಂಡತಿಯ ಭಾಷೆಯಲ್ಲಿ ಗುಜರಿ) ಮಂಗಮಾಯ!

"ಕಳ್ಳರು ನುಗ್ಗಿದ್ರೇನೇ?"

"ಕಳ್ಳರಿಗೇನು ತಲೆ ಕೆಟ್ಟಿದ್ಯಾ? ನಾನೇ ಕೊಟ್ಟೆ. ಬೀದಿಯವರೆಲ್ಲ ಸೇರಿ ಮೈದಾನದಲ್ಲಿ ಹಳೇ ಉಳುಮೆ ಸಾಮಾನಿಂದ ಕಲಾಕೃತಿ ಮಾಡ್ತಿದ್ದೀವಿ. ಡ್ರಾಯಿಂಗ್ ಮೇಡಂ ಹೇಳಿಕೊಡ್ತಾರೆ. ನಾನು ವೆಲ್ಡಿಂಗ್ ಕಲಿತೆ."

"ನೀನು? ವೆಲ್ಡಿಂಗು? ಬಲ್ಬ್ ಬದಲಾಯಿಸೋಕೂ ನನ್ನನ್ನೇ ಕೂಗ್ತೀಯಲ್ಲೇ!"

"ನಿಮಗೂ ಒಂದು ಕೆಲಸ ಇರಲಿ ಅಂತ ಕೂಗ್ತೀನ್ರೀ."

ಯಜಮಾನರ ಪಿತ್ತ ನೆತ್ತಿಗೇರಿತು. ಅಷ್ಟನ್ನೂ ಹೇರಿಕೊಂಡು ಬಂದೇ ತೀರುತ್ತೇನೆಂದು ಪಕ್ಕದ ಮನೆಯ ತಳ್ಳುಗಾಡಿ ಎಳೆದುಕೊಂಡು ಮೈದಾನದ ಕಡೆ ದಂಡಯಾತ್ರೆ ಹೊರಟರು. ಹಿಂದೆಯೇ ಹೆಂಡತಿ.

ಮೈದಾನದ ತಿರುವಿನಲ್ಲಿ ಗಾಡಿ ನಿಂತಿತು. (ಅವರು ನಿಲ್ಲಿಸಲಿಲ್ಲ, ಕೈ ತಾನಾಗಿ ಸಡಿಲವಾಯಿತು.)

ಹುಲ್ಲಿನ ಮೇಲೆ ಒಂದು ಆನೆ ಮಗ್ಗುಲಾಗಿ ಮಲಗಿ ನಿದ್ದೆ ಹೊಡೆಯುತ್ತಿತ್ತು. ನೀರೆತ್ತುವ ಪಂಪಿನ ಪೈಪು ಸೊಂಡಿಲಾಗಿ ಸುರುಳಿ ಸುತ್ತಿತ್ತು. ಮುಚ್ಚಿದ ಕಣ್ಣಿನ ರೆಪ್ಪೆಗೆ ಒಂದೇ ಒಂದು ಕುಡುಗೋಲು. ಬಿಸಿಲಿಗೆ ತುಕ್ಕು ಜೀವವಿರುವ ಚರ್ಮದಂತೆ ಕಾಣುತ್ತಿತ್ತು. ಗಾಳಿ ಬೀಸಿತು, ಹೊಟ್ಟೆಯ ತಗಡುಗಳು ಮೆಲ್ಲಗೆ ಮೇಲೆದ್ದು, ಮೆಲ್ಲಗೆ ಇಳಿದವು. ಉಸಿರು!

ಯಜಮಾನರು ಬಗ್ಗಿ ನೋಡಿದರು. ಒಳಗೆ ಟ್ರ್ಯಾಕ್ಟರ್ ಸೀಟಿನ ಸ್ಪ್ರಿಂಗುಗಳು, ತಾವೇ ಬಿಚ್ಚಿ ಮೂಲೆಗೆ ಎಸೆದಿದ್ದಂಥವು. ಇಷ್ಟು ವರ್ಷ ಕಣ್ಣೆದುರೇ ಬಿದ್ದಿದ್ದರೂ ಅವುಗಳಲ್ಲಿ ಆನೆಯ ಉಸಿರಿದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಬೆಸುಗೆಯ ಗೆರೆಯ ಮೇಲೆ ಬೆರಳಾಡಿಸಿದರು. ಗಂಟಿಲ್ಲ, ಬಿರುಕಿಲ್ಲ. ಆನೆಗೆ ಎಲ್ಲಿ ಎಚ್ಚರವಾದೀತೋ ಎಂಬಂತೆ ದನಿ ತಗ್ಗಿತು.

"ಇದನ್ನ... ನೀನು ಮಾಡಿದ್ಯಾ?"

"ಹೊಟ್ಟೆ ನಂದು. ತಲೆ ಮೇಡಂದು. ಕಿವಿ ಬೇಕರಿಯವರದ್ದು."

"ಏನು ನಿಶ್ಚಿಂತೆ, ಏನು ಗಾಂಭೀರ್ಯ! ಯಾವ ಆನೇನ ನೋಡಿ ಕಲಿತೆಯೇ?"

ಹೆಂಡತಿಗೆ ಇದ್ದಕ್ಕಿದ್ದಂತೆ ಕೈಗವಸು ಹುಡುಕುವ ಕೆಲಸ ಬಂತು. ಏಣಿಯಿಂದ ಇಳಿದ ಡ್ರಾಯಿಂಗ್ ಮೇಡಂ ಯಜಮಾನರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈಮುಗಿದರು. "ಸರ್, ನಿಮ್ಮ ಮಧ್ಯಾಹ್ನದ ನಿದ್ದೆಯ ಫೋಟೋ ನೋಡಿದ್ದೆ. ಎದುರಿಗೆ ಇನ್ನೂ ಭವ್ಯವಾಗಿದ್ದೀರಿ!"

ಬೀದಿಯವರೆಲ್ಲ ಒಮ್ಮೆ ಆನೆಯನ್ನು ನೋಡಿದರು, ಒಮ್ಮೆ ಅವರನ್ನು. "ಅಯ್ಯೋ, ಹೌದಲ್ವಾ!" ಎಂದರು ಬೇಕರಿಯವರು.

"ಹಿಂಗಾಲು ಸರಿಯಾಗಿ ಕೂರ್ತಿಲ್ಲ ರೀ," ಎಂದಳು ಹೆಂಡತಿ ಮೆತ್ತಗೆ. "ಫೋಟೋದಲ್ಲಿ ಹೊದಿಕೆ ಅಡ್ಡ ಬಂದಿದೆ. ಒಂಚೂರು ಮಲ್ಕೊಳ್ತೀರಾ?"

ರೇಗಲೆಂದು ಯಜಮಾನರು ಬಾಯಿ ತೆರೆದರು. ಅಷ್ಟರಲ್ಲಿ ಆ ಕಬ್ಬಿಣದ ಹೊಟ್ಟೆ ಮತ್ತೊಮ್ಮೆ ಉಸಿರೆಳೆಯಿತು. ಆನೆಯ ಪಕ್ಕದಲ್ಲೇ, ಅಷ್ಟೇ ಗಾಂಭೀರ್ಯದಿಂದ, ಹುಲ್ಲಿನ ಮೇಲೆ ಮಗ್ಗುಲಾಗಿ ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಿಗೆ ಯಾರೋ ಭುಜ ಅಲುಗಿಸಿದಂತಾಯಿತು.

"ರೀ, ಕಾಲು ಮಾತ್ರ ಸಾಕು. ಗೊರಕೆ ಬೇಡ. ಮೇಡಂ ಹೇಳೋದು ಕೇಳಿಸ್ತಿಲ್ಲ."