ಹಗ್ಗದಾಚೆಯ ಗಾದಿ

ಮನುಷ್ಯರನ್ನು ಕೂರಿಸುವುದು ಸುಲಭ, ಎಬ್ಬಿಸುವುದು ಕಷ್ಟ. ನಮ್ಮ ಲಕ್ಷ್ಮೇಶ್ವರದಲ್ಲಿ ಯಾರ ಮನೆಗೆ ಹೋದರೂ ಹೊಸ್ತಿಲು ದಾಟುವ ಮೊದಲೇ ‘ಬರ್ರಿ, ಕುಂಡ್ರಿ’ ಎನ್ನುತ್ತಾರೆ. ಜಗಳಕ್ಕೆ ಬಂದವನಿಗೂ ‘ಮೊದ್ಲ ಕುಂಡ್ರು, ಆಮ್ಯಾಲೆ ಬೈಯುವಂತಿ’ ಎನ್ನುವ ಊರು ನಮ್ಮದು. ಆದರೆ ಕೂತವರಿಗೆ ‘ಏಳ್ರಿ’ ಎಂದು ಹೇಳುವುದು ಹೇಗೆಂಬುದನ್ನು ನನಗೆ ಯಾರೂ ಕಲಿಸಲಿಲ್ಲ. ಮದುವೆ ಮನೆಯಲ್ಲಿ ಊಟ ಮುಗಿದು ಎಂಜಲು ಕೈ ಒಣಗಿದರೂ ಎಲೆಯ ಮುಂದೆ ಹರಟುತ್ತ ಕೂತ ಹಿರಿಯರನ್ನು ನೀವೂ ಕಂಡಿರುತ್ತೀರಿ. ಮುಂದಿನ ಪಂಕ್ತಿಯವರು ಹಸಿದುಕೊಂಡು ಅವರ ಬೆನ್ನ ಹಿಂದೆಯೇ ನಿಂತಿರುತ್ತಾರೆ. ಯಾರಾದರೂ ಏಳಿ ಎನ್ನುತ್ತಾರೆಯೇ? ಇಲ್ಲ. ನನ್ನ ಪಾಲಿಗಂತೂ ಇದು ವಂಶದಿಂದ ಬಂದ ದೋಷ. ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಜನ ಕೂತರೆ, ಮಲಗಿದರೆ ನಮಗೆ ರೊಟ್ಟಿ. ಎದ್ದು ಓಡಾಡುವವರಿಂದ ನಮಗೆ ಏನೂ ಉಪಯೋಗವಿಲ್ಲ. ಇಂದಿಗೂ ಯಾರನ್ನಾದರೂ ಹೊಸದಾಗಿ ನೋಡಿದರೆ ಅವರ ಮುಖಕ್ಕಿಂತ ಮೊದಲು ಅವರು ಕೂರುವ ರೀತಿ ನನ್ನ ಕಣ್ಣಿಗೆ ಬೀಳುತ್ತದೆ.

ಇಂಥವನಿಗೆ ಸಿಕ್ಕ ಕೆಲಸ ನೋಡಿ. ಸ್ಪಂಜಿನ ಹಾಸಿಗೆಗಳು ಬಂದು ನಮ್ಮ ಅಂಗಡಿ ಬಾಗಿಲು ಹಾಕಿದ ಮೇಲೆ ನಾನು ನೆಲ ಕೊರೆಯುವ ಯಂತ್ರದಲ್ಲಿ ಹೆಲ್ಪರ್ ಆಗಿ ಸೇರಿಕೊಂಡೆ. ವಿದ್ಯುತ್ ತಂತಿ ಹೊರುವ ದೊಡ್ಡ ಗೋಪುರಗಳಿಗೆ ಅಡಿಪಾಯದ ಕುಣಿ ತೋಡುವ ಯಂತ್ರ ಅದು. ಅದಕ್ಕೆ ಆಗರ್ ಎನ್ನುತ್ತಾರೆ. ಬಡಿಗೇರರು ಮರಕ್ಕೆ ತೂತು ಹಾಕುವ ಬೈರಿಗೆ ಗೊತ್ತಲ್ಲ, ಅದನ್ನೇ ಒಬ್ಬ ಆಳು ತೋಳು ಚಾಚಿದಷ್ಟು ಅಗಲಕ್ಕೆ ಹಿಗ್ಗಿಸಿ, ಟ್ಯಾಂಕಿನಂಥ ಬಂಡಿಯ ಮೇಲೆ ಕಂಬ ನಿಲ್ಲಿಸಿ ತೂಗುಬಿಟ್ಟರೆ ಹೇಗಿರುತ್ತದೆಯೋ ಹಾಗೆ. ಅದು ತಿರುಗುತ್ತ ನೆಲಕ್ಕೆ ಇಳಿಯುತ್ತದೆ, ಸುರುಳಿಯ ತುಂಬ ಮಣ್ಣು ಹೊತ್ತು ಮೇಲೆ ಬರುತ್ತದೆ, ಪಕ್ಕಕ್ಕೆ ಹೊರಳಿ ಗರಗರ ತಿರುಗಿ ಮಣ್ಣು ಕೊಡವುತ್ತದೆ. ಕೆಂಪು ಮಣ್ಣಾದರೆ ಉದುರಿಬಿಡುತ್ತದೆ. ನಮ್ಮ ಸೀಮೆಯ ಎರೆಮಣ್ಣು ಹಾಗಲ್ಲ, ಬೇಡದ ನೆಂಟರ ಹಾಗೆ ಅಂಟಿಕೊಂಡು ಕೂರುತ್ತದೆ. ಅದನ್ನು ಉದ್ದ ಹಿಡಿಯ ಸಲಿಕೆಯಿಂದ ಕೆರೆದು ತೆಗೆಯುವುದು, ತೋಡಿದ ಕುಣಿಯ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕುವುದು, ಸುತ್ತ ಕಟ್ಟಿದ ಕೆಂಪು ಹಗ್ಗದೊಳಗೆ ಯಾರೂ ಬರದಂತೆ ಕಾಯುವುದು ಹೆಲ್ಪರನ ಕೆಲಸ. ಮೊದಲ ಎರಡನ್ನು ಕೈ ಮಾಡುತ್ತದೆ. ಮೂರನೆಯದಕ್ಕೆ ಬಾಯಿ ಬೇಕು, ನನಗೆ ಇಲ್ಲದ್ದು ಅದೇ.

ನಗಬೇಡಿ. ಈ ಯಂತ್ರದ ಮುಂದೆ ನಗು ಬರುವುದಿಲ್ಲ. ನನಗಿಂತ ಮೊದಲು ಮುಂಡರಗಿ ಕಡೆಯ ಇನ್ನೊಂದು ಯಂತ್ರದಲ್ಲಿ ಹೆಲ್ಪರ್ ಆಗಿದ್ದ ದಾವಲ್‌ಸಾಬನ ಹೆಗಲ ಮೇಲಿನ ಟವೆಲ್ಲಿನ ಒಂದು ಚುಂಗು ಸುರುಳಿಗೆ ಸಿಕ್ಕಿತು. ಟವೆಲ್ ಎಳೆದುಕೊಳ್ಳಲು ಕೈ ಚಾಚಿದ. ಟವೆಲ್ಲಿನ ಜೊತೆ ಕೈಯೂ ಹೋಯಿತು. ಈಗ ಅವನು ಮುಂಡರಗಿಯಲ್ಲಿ ಚಹಾದಂಗಡಿ ಇಟ್ಟಿದ್ದಾನೆ. ಒಂದೇ ಕೈಯಲ್ಲಿ ಗ್ಲಾಸು ತೊಳೆದು, ಅದೇ ಕೈಯಲ್ಲಿ ಚಹಾ ಸೋಸಿ, ಅದೇ ಕೈಯಲ್ಲಿ ಕೊಡುತ್ತಾನೆ. ಆ ಕಡೆ ಹೋದಾಗಲೆಲ್ಲ ಅವನಲ್ಲಿ ಚಹಾ ಕುಡಿಯುತ್ತೇನೆ, ಮತ್ತು ಪ್ರತಿ ಸಲವೂ ನನಗೆ ಹೆದರಿಕೆಯಾಗುತ್ತದೆ. ಅದನ್ನು ಮುಚ್ಚಿಡುವುದರಲ್ಲಿ ಏನೂ ಅರ್ಥವಿಲ್ಲ.

ಆದ್ದರಿಂದ ಸೇಫ್ಟಿ ಸಾಹೇಬರು ಮೊದಲ ದಿನ ಬೆಳಿಗ್ಗೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೇಳಿದ ನಿಯಮಗಳಿಗೆ ನಾನು ಮರುಮಾತಾಡಲಿಲ್ಲ. ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಆದರೆ ಕೂರುವುದೇ ಇಲ್ಲ. ನಾನು ಕಂಡವರಲ್ಲಿ ಅಂಥವರು ಅವರೊಬ್ಬರೇ. ಹೆಗಲ ಮೇಲೆ ಟವೆಲ್ ಬೇಡ ಎಂದರು, ತೆಗೆದೆ. ಹಗುರಾದ ಹೆಗಲು ಹೊತ್ತು ಒಂದು ವಾರ ಬೋಳು ಮರದಂತೆ ಓಡಾಡಿದೆ. ಬೆರಳಲ್ಲಿ ಉಂಗುರ ಬೇಡ ಎಂದರು. ನಿಕಾಹದ ದಿನ ಹಾಕಿಕೊಂಡ ಬೆಳ್ಳಿಯುಂಗುರ ಬೆರಳಿನೊಳಗೇ ಬೆಳೆದುಬಿಟ್ಟಿತ್ತು. ನನ್ನ ಹೆಂಡತಿ ಶರೀಫಾ ಸಾಬೂನು ಹಚ್ಚಿ, ಎಣ್ಣೆ ಹಚ್ಚಿ, ಕೊನೆಗೆ ಕಾಲು ಕೊಟ್ಟು ಎಳೆದು ತೆಗೆದಳು. ‘ಹಾಕೂಮುಂದ ಇಷ್ಟು ತ್ರಾಸ ಆಗಿದ್ದಿಲ್ಲ’ ಎಂದಳು, ಅಷ್ಟೇ. ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ಆಗರ್ ನೆಲಕ್ಕೆ ತಾಗಿ ಕೂತು, ಎಂಜಿನ್ ಬಂದಾಗಿ, ಆಪರೇಟರ್ ತನ್ನ ಎರಡೂ ಕೈಗಳನ್ನು ಕ್ಯಾಬಿನ್ನಿನ ಹೊರಗೆ ತೋರಿಸಿದ ಮೇಲೆಯೇ ಹೆಲ್ಪರ್ ಹಗ್ಗದೊಳಗೆ ಕಾಲಿಡಬೇಕು. ಬೇರೆಯವರು ಯಾವತ್ತೂ ಇಡಬಾರದು.

ಮಾಗಡಿ ಕೆರೆಯಿಂದ ತುಸು ಈಚೆಗೆ, ಶಿರಹಟ್ಟಿ ದಾರಿಯ ಒಂದು ಹೊಲದಲ್ಲಿ ಯಂತ್ರ ನಿಲ್ಲಿಸಿದೆವು. ನಿಲ್ಲಿಸಿದ್ದೇ ತಡ, ಜನ ಕೂಡಿದರು. ನಮ್ಮ ಭಾಗದಲ್ಲಿ ನೀರಿನ ಆಸೆಯಿಲ್ಲದೆ ನೆಲಕ್ಕೆ ತೂತು ಹಾಕುವವರು ಇರುತ್ತಾರೆಂದು ಯಾರೂ ನಂಬುವುದಿಲ್ಲ. ‘ಎಷ್ಟ್ ಇಂಚ್ ಬಿತ್ರಿ?’ ಎಂದು ಕೇಳಿದರು. ನೀರಿಗಲ್ಲ, ಕಂಬಕ್ಕೆ ಎಂದೆ. ‘ಆತು, ಆದ್ರೂ ಎಷ್ಟ್ ಬಿತ್ತು?’ ಎಂದರು. ಒಬ್ಬರು ತೆಂಗಿನಕಾಯಿ ಒಡೆದು ಹೋದರು. ಇವರನ್ನು ಹೇಗೋ ಸಂಭಾಳಿಸಿದೆ. ನೀರು ಬೀಳದ ತೂತಿನ ಮುಂದೆ ಬಹಳ ಹೊತ್ತು ನಿಲ್ಲುವ ತಾಳ್ಮೆ ಯಾರಿಗೂ ಇರುವುದಿಲ್ಲ. ಹೋಗದೆ ಉಳಿದವರು ಒಬ್ಬರೇ, ಆ ಹೊಲದ ಯಜಮಾನರಾದ ಫಕ್ಕೀರಗೌಡರು.

ಗೌಡರು ಕೋಲಿನ ತುದಿಯಿಂದ ಹಗ್ಗ ಎತ್ತಿ, ತಮ್ಮ ಮನೆಯ ಪರದೆ ಸರಿಸುವಂತೆ ಒಳಗೆ ಬಂದು, ಬದುವಿನ ಒಂದು ಬಂಡೆಯ ಮೇಲೆ ಕೂತುಬಿಟ್ಟರು. ಬೆನ್ನು ನೆಟ್ಟಗೆ, ಎರಡೂ ಅಂಗೈ ಕೋಲಿನ ಮೇಲೆ. ಹೀಗೆ ಕೂರುವವರು ಸುಮ್ಮನೆ ಏಳುವವರಲ್ಲ ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಆಗರ್ ಮಣ್ಣು ಕೊಡವಿದರೆ ಹೆಂಟೆ, ಕಲ್ಲು ಬಂದು ಬೀಳುವುದು ಸರಿಯಾಗಿ ಅದೇ ಬಂಡೆಯ ಮೇಲೆ. ನಮ್ಮ ಆಪರೇಟರ್, ಬೆಟಗೇರಿಯ ಈರಣ್ಣ, ಎಂಜಿನ್ ಬಂದ್ ಮಾಡಿ ನನ್ನ ಮುಖ ನೋಡಿದ. ನಾನು ಗೌಡರ ಹತ್ತಿರ ಹೋಗಿ, ಬಿಸಿಲು ಬಹಳ ಇದೆಯೆಂದೆ. ‘ಹೌದು’ ಎಂದರು. ಮಣ್ಣು ಹಾರುತ್ತದೆಯೆಂದೆ. ‘ನಂದs ಮಣ್ಣು, ಹಾರ್ಲಿ ಬಿಡು’ ಎಂದರು. ಏಳಿ ಎನ್ನುವ ಮಾತು ನನ್ನ ಗಂಟಲಿನಲ್ಲೇ ಗಾದಿ ಹಾಸಿಕೊಂಡು ಮಲಗಿತು. ಅರ್ಧ ದಿನ ಯಂತ್ರ ನಿಂತಿತು. ಸಂಜೆ ಸಾಹೇಬರು ಬಂದು, ನಾಳೆಯೂ ಯಜಮಾನರು ಹಗ್ಗದೊಳಗೆ ಕಂಡರೆ ಹೆಲ್ಪರ್ ಬೇರೆಯವನು ಬರುತ್ತಾನೆ ಎಂದು ಮೆಲ್ಲಗೆ ಹೇಳಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಗೌಡರು ಹಟಮಾರಿಯಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಹೋಗುವಾಗ ಅವರಾಗಿಯೇ ಹೇಳಿದರು: ‘ಹುಸೇನಸಾಬ, ತಿಳುವಳಿಕಿ ಬಂದಾಗಿಂದ ಈ ಹೊಲಾ ಮಾಡೀನಿ. ನೇಗಿಲಾ ಎಷ್ಟು ಇಳೀತೈತಿ? ಒಂದ್ ಗೇಣು. ಅದರ ಕೆಳಗ ಏನೈತಿ ಅನ್ನೂದು ನನಗೂ ಗೊತ್ತಿಲ್ಲ, ನಮ್ಮಪ್ಪಗೂ ಗೊತ್ತಿದ್ದಿಲ್ಲ. ನನ್ನ ಹೊಲದ ಹೊಟ್ಯಾಗ ಏನೈತಿ ಅಂತ ಒಂದ್ಸಲ ನೋಡಿ ಹೋಗಬೇಕು. ಮತ್ತ ಯಾವಾಗ ನೋಡ್ಲಿ?’ ಇದಕ್ಕೆ ಯಾವ ನಿಯಮದಲ್ಲಿ ಉತ್ತರವಿದೆ ಹೇಳಿ. ಆ ಮಾತು ಕೇಳಿ ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು. ಪ್ರೀತಿ ಹುಟ್ಟಿದ ಮೇಲೆ ಭಯ ಇನ್ನೂ ಹೆಚ್ಚಾಯಿತು. ದಾರಿಯುದ್ದಕ್ಕೂ ಆ ಬಂಡೆಯ ಮೇಲೆ ಕಲ್ಲು ಬೀಳುವುದೇ ಕಣ್ಣ ಮುಂದೆ ಬರುತ್ತಿತ್ತು.

ಮನೆಗೆ ಬಂದವನು ಟ್ರಂಕಿನ ಮೇಲೆ ಸುತ್ತಿಟ್ಟಿದ್ದ ಗಾದಿಯನ್ನು ನೋಡುತ್ತ ನಿಂತೆ. ನಮ್ಮಪ್ಪ ನಮ್ಮ ಮದುವೆಗೆಂದು ಒಳ್ಳೆಯ ಅರಳೆ ಹಾಕಿ ತಾನೇ ಹೊಲಿದ ಗಾದಿ, ಜೊತೆಗೆ ಒರಗಲು ಒಂದು ಲೋಡು. ಬೀಗರು ಬಂದರೆ ಮಾತ್ರ ಕೆಳಗಿಳಿಯುತ್ತಿತ್ತು. ಯೋಚನೆ ಬಂದದ್ದು ಆಗ. ಏಳಿ ಎನ್ನಲು ನನಗೆ ಬರುವುದಿಲ್ಲ, ಆದರೆ ಬನ್ನಿ, ಕೂತುಕೊಳ್ಳಿ ಎನ್ನಲು ನನಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ? ಶರೀಫಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ‘ಎರಿ ಹೊಲದಾಗ ನನ್ನ ಮದಿವಿ ಗಾದಿ ಹಾಸ್ತೀರಿ?’ ಎಂದಳು. ಒಬ್ಬ ಹಿರಿಯರ ಜೀವದ ಪ್ರಶ್ನೆ ಎಂದೆ. ಅವಳು ಬಹಳ ಹೊತ್ತು ಹಂಚಿನ ಮೇಲಿನ ರೊಟ್ಟಿ ನೋಡಿದಳು. ‘ಒಯ್ರಿ. ಆದ್ರ ಒಂದ್ ಮಾತು. ಆ ಮನಷ್ಯಾಗ ಏನರ ಆತು ಅಂದ್ರ ಗಾದಿ ತಿರುಗಿ ಈ ಮನಿಗೆ ತರಬ್ಯಾಡ್ರಿ.’ ರೊಟ್ಟಿ ಸೀದಿತ್ತು. ಅದನ್ನೇ ತಿಂದೆ.

ಮರುದಿನ ಹಗ್ಗದಿಂದ ಸಾಕಷ್ಟು ಆಚೆ, ಬೇವಿನ ಮರದ ನೆರಳಿನಲ್ಲಿ ತಾಡಪತ್ರಿ ಹರಡಿ, ಮೇಲೆ ಗಾದಿ ಹಾಸಿ, ಲೋಡು ಇಟ್ಟು, ಪಕ್ಕದಲ್ಲಿ ನೀರಿನ ತಂಬಿಗೆ ಇಟ್ಟೆ. ಗೌಡರು ಕೋಲಿನಿಂದ ಹಗ್ಗ ಎತ್ತುವಷ್ಟರಲ್ಲಿ, ‘ಗೌಡ್ರ, ಬರ್ರಿ, ಇಲ್ಲಿ ಕುಂಡ್ರಿ’ ಎಂದೆ. ಅವರು ಗಾದಿ ನೋಡಿದರು, ನನ್ನನ್ನು ನೋಡಿದರು. ಹಾಸಿದ ಗಾದಿಯನ್ನು ಬಿಟ್ಟು ಕಲ್ಲಿನ ಮೇಲೆ ಕೂರುವುದು ಹಾಸಿದವನಿಗೆ ಮಾಡುವ ಅವಮಾನ ಎಂದು ತಿಳಿದ ಮನುಷ್ಯ ಅವರು. ಹಗ್ಗ ಕೆಳಗೆ ಬಿಟ್ಟು ಬಂದು, ಜೋಡು ಕಳಚಿ, ಗಾದಿಯನ್ನು ಅಂಗೈಯಿಂದ ಒತ್ತಿ ನೋಡಿ ಕೂತರು. ‘ಅರಳಿ ಚೊಲೋ ಐತಿ’ ಎಂದರು. ನನ್ನ ಜೀವನದಲ್ಲಿ ಯಾವ ಸಾಹೇಬರ ಶಹಬ್ಬಾಸ್‌ಗಿರಿಯೂ ನನಗೆ ಇಷ್ಟು ಸಂತೋಷ ಕೊಟ್ಟಿಲ್ಲ. ಗಾದಿ ಕಂಡು ಸಾಹೇಬರ ಹುಬ್ಬು ಮೇಲೇರಿತು. ಬಂಡೆ ಖಾಲಿಯಿರುವುದನ್ನು ಕಂಡು ಹುಬ್ಬು ಇಳಿಯಿತು. ಇರಲಿ ಎಂದು ಬೇರೆ ಹೊಲಕ್ಕೆ ಹೋದರು.

ಆದರೆ ಗೌಡರು ಬಂದಿದ್ದು ಗಾದಿಗಲ್ಲ, ಮಣ್ಣಿಗೆ. ಆದ್ದರಿಂದ ಆಗರ್ ಕೆಳಗಿಳಿದು, ಎಂಜಿನ್ ನಿಂತು, ಈರಣ್ಣ ಕೈ ತೋರಿಸಿದ ಮೇಲೆ ನಾನು ಸಲಿಕೆಯ ತುದಿಯಲ್ಲಿ ಒಂದೊಂದು ಹೆಂಟೆ ತಂದು ಅವರ ಮುಂದೆ ಇಡುತ್ತಿದ್ದೆ. ಮೊದಲು ಬರೀ ಎರೆ, ಕಾಡಿಗೆಯಂಥದು. ಆಮೇಲೆ ಬಿಳಿ ಸುಣ್ಣದ ಹರಳು ಬೆರೆತದ್ದು. ಗೌಡರು ಪ್ರತಿಯೊಂದನ್ನೂ ಬೆರಳಲ್ಲಿ ಪುಡಿ ಮಾಡಿ ಮೂಸಿ ನೋಡುತ್ತಿದ್ದರು. ‘ಇದು ನಮ್ಮಜ್ಜನೂ ಕಾಣದ ಮಣ್ಣು’ ಎಂದು ಗಾದಿಯ ಅಂಚಿನ ಉದ್ದಕ್ಕೂ ಸಾಲಾಗಿ ಇಟ್ಟುಕೊಂಡರು. ಶರೀಫಾಳ ಗಾದಿಯ ಗತಿಯನ್ನು ನಾನು ನೋಡದವನಂತೆ ಇದ್ದೆ. ನನಗೂ ಹುರುಪು ಬಂದಿತ್ತು. ಕುಣಿ ತೋಡುವುದನ್ನು ಬಿಟ್ಟು, ಈ ಹಿರಿಯರಿಗೆ ಅವರ ಹೊಲ ತೋರಿಸುವುದೇ ನನ್ನ ಕೆಲಸವೆಂಬಂತಾಯಿತು.

ಮಧ್ಯಾಹ್ನದ ಊಟಕ್ಕೆ ಮೊದಲು ಆಗರ್ ಮತ್ತೊಮ್ಮೆ ಮೇಲೆ ಬಂತು. ಸುರುಳಿಯ ಮಧ್ಯದಲ್ಲಿ ಅರಿಸಿನದಂಥ ಹಳದಿ ಮಣ್ಣಿನ ಪಟ್ಟಿಯೊಂದು ಕಂಡಿತು. ಅಂಥದ್ದನ್ನು ನಾನು ಯಾವ ಹೊಲದಲ್ಲೂ ನೋಡಿರಲಿಲ್ಲ. ಈರಣ್ಣ ಅದನ್ನು ಪಕ್ಕಕ್ಕೆ ಹೊರಳಿಸಿ ನಿಲ್ಲಿಸಿ, ತಲೆ ತಗ್ಗಿಸಿ ಕ್ಯಾಬಿನ್ನಿನಲ್ಲಿ ನೀರಿನ ಬಾಟಲಿ ಹುಡುಕುತ್ತಿದ್ದ. ಎಂಜಿನ್ ಸದ್ದು ಇಳಿದಿತ್ತು, ನಿಂತಿರಲಿಲ್ಲ. ಆಗರ್ ನೆಲ ಮುಟ್ಟಿರಲಿಲ್ಲ, ನನ್ನ ತಲೆಗಿಂತ ಎತ್ತರದಲ್ಲಿ ತೂಗುತ್ತಿತ್ತು. ಯಾರೂ ಕೈ ತೋರಿಸಿರಲಿಲ್ಲ. ಅವನು ಅದನ್ನು ತಿರುಗಿಸಿ ಕೊಡವಿದರೆ ಆ ಹಳದಿ ಮಣ್ಣು ಎರೆಯಲ್ಲಿ ಕಲಸಿಹೋಗುತ್ತದೆ, ಗೌಡರಿಗೆ ಚೊಕ್ಕ ಹೆಂಟೆ ಸಿಗುವುದಿಲ್ಲ ಎಂದಷ್ಟೇ ನನ್ನ ಮನಸ್ಸಿಗೆ ಬಂತು. ಹಗ್ಗ ಎತ್ತಿ ಒಳಗೆ ಹೋದೆ. ಸಲಿಕೆ ಮೇಲೆತ್ತಿದೆ.

‘ಹುಸೇನಸಾಬ, ಬಾ ಇಲ್ಲಿ. ಕುಂಡ್ರು.’

ಗೌಡರ ದನಿಯಲ್ಲಿ ಅವಸರವಿರಲಿಲ್ಲ. ಚಹಾ ಬಂದಿದೆ, ಬಾ ಎಂದು ಕರೆದಂತಿತ್ತು. ಹಿರಿಯರು ಗಾದಿಗೆ ಕರೆದಾಗ ಯಾಕೆ ಎಂದು ಕೇಳುವ ಅಭ್ಯಾಸ ನಮ್ಮ ಮನೆತನಕ್ಕಿಲ್ಲ. ಸಲಿಕೆ ಕೆಳಗಿಟ್ಟು ಹೊರಗೆ ಬಂದೆ. ಹಗ್ಗ ದಾಟಿದ್ದೆನಷ್ಟೇ, ಹಿಂದೆ ಧಪ್ ಎಂದಿತು. ತಿರುಗಿ ನೋಡಿದರೆ ಜೋಳದ ಚೀಲದಷ್ಟು ದೊಡ್ಡ ಎರೆಯ ಮುದ್ದೆ ನನ್ನ ಸಲಿಕೆಯ ಮೇಲೆ ಬಿದ್ದಿತ್ತು. ಸಲಿಕೆಯ ಹಿಡಿ ಎರಡು ತುಂಡಾಗಿತ್ತು. ನನ್ನ ತಲೆಯ ಮೇಲಿದ್ದ ಹಳದಿ ಹೆಲ್ಮೆಟ್ ಅದನ್ನು ತಡೆಯುತ್ತಿರಲಿಲ್ಲ. ಈರಣ್ಣ ಎಂಜಿನ್ ಬಂದ್ ಮಾಡಿ, ಹಗ್ಗದೊಳಗೆ ಹೋಗುವವರು ಯಾರೂ ಇಲ್ಲದಿದ್ದರೂ ಎರಡೂ ಕೈ ಹೊರಗೆ ಚಾಚಿ ಹಾಗೇ ಕೂತುಬಿಟ್ಟ. ನಾನು ಹೋಗಿ ಗಾದಿಯ ಮೇಲೆ ಕೂತೆ.

ಆಮೇಲೆ, ಕೂಗಲಿಲ್ಲವಲ್ಲ ಯಾಕೆ ಎಂದು ಗೌಡರನ್ನು ಕೇಳಿದೆ. ‘ಹೇ ಅಂತ ಒದರಿದ್ರ ನೀ ಅಲ್ಲೇ ನಿಂತು ನನ್ನ ಮಾರಿ ನೋಡ್ತಿದ್ದಿ’ ಎಂದರು. ‘ಎತ್ತೂ ಹಂಗs. ಬೆದರಿಸಿದ್ರ ನಿಂತಬಿಡ್ತೈತಿ, ಮೇವು ತೋರಿಸಿದ್ರ ಬರ್ತೈತಿ.’ ನನ್ನನ್ನು ಎತ್ತಿಗೆ ಹೋಲಿಸಿದ್ದಕ್ಕೆ ಬೇಜಾರಾಗಲಿಲ್ಲ. ಎತ್ತಿಗಾದರೆ ಯಾರೂ ನಿಯಮ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಬಂದ ಸಾಹೇಬರು, ಕೆಲಸದ ಹೊತ್ತಿನಲ್ಲಿ ಗಾದಿಯ ಮೇಲೆ ಕೂತ ಹೆಲ್ಪರನನ್ನೂ ಮುರಿದ ಸಲಿಕೆಯನ್ನೂ ನೋಡಿ, ಬೈಯದೆ ಆ ದಿನದ ಕೆಲಸ ನಿಲ್ಲಿಸಿದರು. ಮರುದಿನ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಆ ಸಂಗತಿ ಹೇಳಿದರು. ನನ್ನ ಹೆಸರು ಹೇಳಲಿಲ್ಲ, ಆದರೂ ಎಲ್ಲರೂ ನನ್ನನ್ನೇ ನೋಡಿದರು. ಈಗ ನಾನು ಈರಣ್ಣನ ಕೈ ಕಾಣುವವರೆಗೆ, ಅವನಿಗೆ ಬೇಸರವಾಗುವಷ್ಟು ಹೊತ್ತು, ಹಗ್ಗದಾಚೆಯೇ ನಿಲ್ಲುತ್ತೇನೆ.

ಆ ಹೊಲದ ಕೆಲಸ ಮುಗಿದು ಗಾದಿ ಮನೆಗೆ ಬಂತು. ಒಂದು ಬದಿ ಪೂರ್ತಿ ಎರೆಮಣ್ಣಿನ ಕಲೆ. ತೊಳೆದರೆ ಅರಳೆ ಗಂಟಾಗುತ್ತದೆ, ತೊಳೆಯದಿದ್ದರೆ ಬೀಗರ ಮುಂದೆ ಹಾಸುವ ಹಾಗಿಲ್ಲ. ಶರೀಫಾ ಬೈಯುತ್ತಾಳೆಂದು ಕಾದೆ. ಅವಳು ಗಾದಿಯನ್ನು ಬಿಸಿಲಿಗೆ ಹಾಕಿ, ಕಲೆಯ ಮೇಲೆ ಕೈಯಾಡಿಸಿ, ‘ಆ ಯಜಮಾನ್ರು ಆರಾಮ ಅದಾರಲ್ಲ?’ ಎಂದು ಕೇಳಿದಳು. ಆರಾಮ ಇದ್ದಾರೆ ಎಂದೆ. ‘ಹಂಗಾರ ಕಲಿ ಬಿದ್ರ ಬೀಳ್ಲಿ’ ಎಂದಳು. ಆಮೇಲೆ ಪಕ್ಕದ ಮನೆಯವಳಿಗೆ ಗೋಡೆಯ ಮೇಲಿಂದ ಹೇಳುತ್ತಿದ್ದುದು ಕೇಳಿಸಿತು: ‘ನಮ್ಮನಿಯವ್ರು ಈ ಗಾದಿ ಹಾಸಿ ಒಬ್ರ ಜೀವಾ ಉಳಿಸ್ಯಾರ.’ ನಾನು ಒಳಗೆ ಕೂತು ಆ ಮಾತು ಕೇಳಿದೆ. ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ಯಾರ ಜೀವ ಎಂದು ಅವಳು ಕೇಳಿಲ್ಲ, ಎದ್ದು ಹೋಗಿ ಹೇಳಲು ನನಗೂ ಆಗಿಲ್ಲ.