ಬೊಟ್ಟು ಯಾವ ಕಡೆ

ನಮ್ಮ ಮನೆಯವರು ಒಂದು ದಾಳಿಂಬೆ ಹಣ್ಣಿಗೆ ಕುಲಾವಿ ತೊಡಿಸಿ, ದೂರ ಹಿಡಿದು ನೋಡಿ, "ಕಿವಿ ಹತ್ರ ಇನ್ನೊಂದು ಸುತ್ತು ಬೇಕು" ಅಂದ ದಿನವೇ ನಮ್ಮ ಮನೆಯ ಕೊನೆಯ ಮಾಮೂಲಿ ದಿನ. ದಾಳಿಂಬೆಗೆ ಕಿವಿ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಮದುವೆಯಾದ ಹೊಸದರಲ್ಲಾಗಿದ್ದರೆ ಕೇಳುತ್ತಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ಇವರ ತಲೆ ಸರಿಯಾಗಿಯೇ ಇತ್ತು. ಬೇರೆಯವರ ತಲೆಯ ಚಿಂತೆ ಸ್ವಲ್ಪ ಜಾಸ್ತಿ, ಅದರಲ್ಲೂ ಆಗ ತಾನೇ ಹುಟ್ಟಿದವರದು. ಚಿಕ್ಕಜಾಜೂರಿನ ಆಚೆಯ ಒಂದು ರೈಲ್ವೆ ಗೇಟಿನಲ್ಲಿ ಗೇಟ್‌ಮನ್ ಆಗಿದ್ದು ನಿವೃತ್ತರಾದವರು. ದಪ್ಪ ಮೀಸೆ, ಗೂಡ್ಸ್ ಗಾಡಿಯ ಸದ್ದಿಗೂ ಸೋಲದ ಗಂಟಲು. ಅಂಥವರು ಹೊಳಲ್ಕೆರೆಯ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ಕ್ರೋಶಾ ಕಡ್ಡಿ ಹಿಡಿದು, ಕೂಸುಗಳಿಗೆ ಉಲ್ಲನ್ ಕುಲಾವಿ ಹೆಣೆಯುತ್ತಿದ್ದರು. ತಾಳ್ಯದ ಕಡೆಯ ಕುರಿ ಸಾಕುವ ಮನೆತನ. ಅವರಪ್ಪ ಕಂಬಳಿ ನೇಯುತ್ತಿದ್ದರಂತೆ. "ನಮ್ಮಪ್ಪ ಇಡೀ ಮನುಷ್ಯನ್ನ ಮುಚ್ಚತಿದ್ದ. ನಾನು ಬರೇ ತಲೆ ಮುಚ್ತೀನಿ. ನಮ್ಮ ವಂಶ ಸಣ್ಣದಾಗ್ತಾ ಬಂತು" ಎಂದು ತಾವೇ ಹೇಳಿಕೊಳ್ಳುತ್ತಿದ್ದರು.

ಈ ವಿದ್ಯೆ ಬಂದದ್ದು ಗೇಟಿನಲ್ಲಿಯೇ. ದಿನಾ ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬ ಶಾಲೆಯ ಮೇಡಂ, ಗೇಟು ಬಿದ್ದಾಗಲೆಲ್ಲ ಬ್ಯಾಗಿನಿಂದ ಉಲ್ಲನ್ ತೆಗೆದು ಹೆಣೆಯುತ್ತಿದ್ದರಂತೆ. ಇವರು ನಿಂತು ನೋಡಿ ಕಲಿತರು. ಅದಿರಿನ ಗಾಡಿಗಳು ಉದ್ದ ಇದ್ದುದರಿಂದ ವಿದ್ಯೆ ಬೇಗ ಹತ್ತಿತು. ಆಮೇಲೆ ಗೇಟಿನಲ್ಲಿ ಕಾಯುವವರಿಗೆ ಇವರ ಮೇಲೆಯೇ ಅನುಮಾನ.

"ಏನಣ್ಣ, ಗಾಡಿ ಹೋಗಿ ಎಷ್ಟೊತ್ತಾತು. ಸುತ್ತು ಮುಗೀಲಿಲ್ವ?"

"ಸುತ್ತು ಆಗ್ಲೇ ಮುಗಿದೈತೆ. ಇನ್ನೊಂದು ಗಾಡಿ ಬಾಕಿ ಐತೆ. ಕುಂತ್ಕಳ್ರಿ."

ಅವರ ಕುಲಾವಿಗಳಿಗೆ ಎರಡೇ ಬಣ್ಣ, ಕೆಂಪು ಮತ್ತು ಹಸಿರು. ಉಳಿದ ಬಣ್ಣಗಳು ಏನು ಹೇಳುತ್ತವೆಂದು ತಮಗೆ ತಿಳಿಯುವುದಿಲ್ಲ ಎನ್ನುತ್ತಿದ್ದರು. ನಮ್ಮ ಬೀದಿಯ ಮಕ್ಕಳನ್ನೆಲ್ಲ ಸಾಲಾಗಿ ಮಲಗಿಸಿದರೆ ಸ್ಟೇಷನ್ ಹತ್ತಿರ ಬಂದಂತೆ ಕಾಣುತ್ತಿತ್ತು. ಪಕ್ಕದ ಮನೆಯವಳು ಮೊದಲ ಮಗನಿಗೆ ಹಸಿರು ಹಾಕಿಸಿಕೊಂಡು ಹೋಗಿದ್ದಳು. ಎರಡನೆಯ ಬಾಣಂತನಕ್ಕೆ ಅವಳೇ ಬಂದು ಹೇಳಿದಳು: "ಈ ಸಲ ಕೆಂಪೇ ಹಾಕ್ರಣ್ಣ. ಹಸಿರು ಹಾಕಿದ್ದು ಇನ್ನೂ ನಿಂತಿಲ್ಲ, ಓಡ್ತಾನೇ ಐತೆ."

ಕೂಸು ಹುಟ್ಟುವ ಮೊದಲು ಉಲ್ಲನ್ ಮುಟ್ಟುವಂತಿಲ್ಲ. ಬರದ ಗಾಡಿಗೆ ಯಾರಾದರೂ ಗೇಟು ಹಾಕುತ್ತಾರೆಯೇ? ಹುಟ್ಟಿದ ಸುದ್ದಿ ಬಂದ ಮೇಲೆ ಅಳತೆ. ಟೇಪು ಹಿಡಿದು ಕೂಸಿನ ತಲೆ ಅಳೆದರೆ ಅದು ಬೆಳೆಯುವುದಿಲ್ಲವಂತೆ. ಹಾಗಾಗಿ ನೋಡಿ ಬಂದವರನ್ನು ಕೇಳುವುದು: "ದಾಳಿಂಬೆನೋ, ತೆಂಗಿನಕಾಯೋ?" ಹೊಸದುರ್ಗದ ಸಂತೆಯಿಂದ ದೊಡ್ಡ ದಾಳಿಂಬೆ ಆರಿಸಿ ತರುತ್ತಿದ್ದರು. ಅಳತೆ ಮುಗಿದ ಮೇಲೆ ನಾವು ತಿನ್ನುತ್ತಿದ್ದೆವು.

ಆದರೆ ನಿಜವಾದ ಕೆಲಸ ಕೊನೆಯದು. ತಮ್ಮನ ಮಂದೆಯಲ್ಲಿನ ಕರಿಕುರಿಯ ಉಣ್ಣೆಯಿಂದ ಕುಲಾವಿಯ ಒಂದು ಬದಿಗೆ ದೃಷ್ಟಿಬೊಟ್ಟು ಹಾಕುತ್ತಿದ್ದರು. ಎಡಕ್ಕೋ ಬಲಕ್ಕೋ? ಮಗುವಿನ ಮುಖ ಯಾವ ಕಡೆ ಹೆಚ್ಚು ಚೆಂದವೋ ಆ ಕಡೆ. ಅದಕ್ಕೆ ಖುದ್ದು ನೋಡಬೇಕು. ಫೋಟೊ ಆಗುವುದಿಲ್ಲ. "ಮೊಬೈಲಿನಾಗೆ ಎಡ ಬಲ ಅದಲು ಬದಲು ಆಗತೈತೆ. ಬೊಟ್ಟು ತಪ್ಪು ಲೈನಿಗೆ ಹೋದ್ರೆ ಯಾರು ಜವಾಬ್ದಾರಿ?"

ಹೋಗಿ ತೊಟ್ಟಿಲಿಗೆ ಬಗ್ಗಿ, ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ನೋಡುವರು. ಆಮೇಲೆ, ದೃಷ್ಟಿಯಾಗದಿರಲಿ ಎಂದು, ಗಟ್ಟಿಯಾಗಿ: "ಏನಪ್ಪ ಇದು, ಸುಟ್ಟ ಬದನೆಕಾಯಿ ಇದ್ದಂಗೈತೆ." ತಾಯಿಗೆ ಪರಮಾನಂದ. ಬೈಸಿಕೊಳ್ಳಲೆಂದೇ ಎತ್ತಿಕೊಂಡು ಬರುವವರಿದ್ದರು. ಒಬ್ಬಳು ಮಾತ್ರ ಹಟ ಹಿಡಿದಳು: "ನಮ್ಮ ಮಗಂಗೆ ಎರಡೂ ಕಡೆ ಚೆಂದ ಐತೆ, ಎರಡೂ ಕಡೆ ಹಾಕ್ರಿ."

"ಎರಡು ಇಟ್ರೆ ಅದು ಬೊಟ್ಟಲ್ಲ ತಾಯಿ, ಕಣ್ಣು."

ನಾನೂ ಒಮ್ಮೆ ಕೇಳಿದ್ದೆ, "ನನಗಾದ್ರೆ ಯಾವ ಕಡೆ ಇಡ್ತಿದ್ರಿ?" ಕಡ್ಡಿ ಕೆಳಗಿಟ್ಟು, ಎರಡೂ ಕಡೆ ಬಗ್ಗಿ ನೋಡಿ, "ನಿನಗೆ ಬ್ಯಾಡ ಬಿಡು. ಯಾರು ದೃಷ್ಟಿ ಹಾಕ್ತಾರೆ" ಅಂದರು. ಆದರೆ ನೋಡಿದ್ದಂತೂ ಬಹಳ ಹೊತ್ತು.

ಇಷ್ಟೆಲ್ಲ ಇದ್ದೂ ಇವರಿಗೆ ಸ್ವಂತ ಮನೆಯಲ್ಲಿ ಒಂದು ತಲೆ ಸಿಕ್ಕಿರಲಿಲ್ಲ. ನಮ್ಮ ಒಬ್ಬನೇ ಮಗನಿಗೆ ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಬೀದಿಯವರ ಕುಲಾವಿ ಹೆಣೆಯುವಾಗ ಸೊಸೆ ಜಗಲಿಗೆ ಬಂದರೆ ಇವರು ಉಲ್ಲನ್ ಮೇಲೆ ಪೇಪರ್ ಮುಚ್ಚುತ್ತಿದ್ದರು. ಅವಳು ಕಂಡೂ ಕಾಣದವಳಂತೆ ಒಳಗೆ ಹೋಗುತ್ತಿದ್ದಳು.

ಕೊನೆಗೆ ಅವಳು ಹಿರಿಯೂರಿನ ತವರಿಗೆ ಬಾಣಂತನಕ್ಕೆ ಹೋದಳು. ಹೆಣ್ಣು ಮಗು ಹುಟ್ಟಿತು. ಇವರು ಆ ಗಳಿಗೆಯಿಂದಲೇ ಕಡ್ಡಿ ಹಿಡಿದು ಕುಳಿತರು. ಮಾರನೆಯ ದಿನವೇ ಆ ದಾಳಿಂಬೆಯ ದಿನ. ಬೆಳಿಗ್ಗೆಯೇ ಮಗ ಹಿರಿಯೂರಿನಿಂದ ಫೋನ್ ಮಾಡಿದ.

"ತಲೆ ಎಷ್ಟೈತೆ?" ಇವರು ಕೇಳಿದರು.

"ತಲೆ ಎಷ್ಟಿರತೈತೋ ಅಷ್ಟೈತಪ್ಪ."

"ಲೇ, ದಾಳಿಂಬೆನೋ ತೆಂಗಿನಕಾಯೋ ಹೇಳು."

"ದಾಳಿಂಬೆ."

ಜೀವನದಲ್ಲಿ ಮೊದಲ ಸಲ ಎರಡೂ ಬಣ್ಣ ಒಂದೇ ಕುಲಾವಿಯಲ್ಲಿ ಸೇರಿಸಿದ್ದರು. ಒಂದು ಸುತ್ತು ಕೆಂಪು, ಒಂದು ಸುತ್ತು ಹಸಿರು. "ಎರಡೂ ಒಟ್ಟಿಗೆ ತೋರಿಸಿದ್ರೆ ಗಾಡಿ ಏನು ಮಾಡ್ಬೇಕ್ರಿ?" ಎಂದೆ. "ನಮ್ಮ ಮೊಮ್ಮಗಳು. ಅವಳಿಗೆ ತಿಳಿದಂಗೆ ಮಾಡ್ಲಿ" ಅಂದರು. ಸಂಜೆಯೊಳಗೆ ಕಿವಿಯ ಹತ್ತಿರದ ಸುತ್ತೂ ಮುಗಿಯಿತು. ಸೂಜಿಗೆ ಕರಿ ಉಣ್ಣೆ ಪೋಣಿಸಿ ಕುಲಾವಿಗೆ ಚುಚ್ಚಿಟ್ಟು, "ನಾಳೆ ಮೊದಲನೇ ಬಸ್ಸಿಗೆ ಹೋಗಾಣ" ಎಂದು ಮಲಗಿದರು. ಬೆಳಿಗ್ಗೆ ನಾನು ಎಬ್ಬಿಸಲು ಹೋದಾಗ ಅವರು ಇರಲಿಲ್ಲ. ಮಲಗಿದ್ದಲ್ಲಿಯೇ ಇದ್ದರು, ಆದರೆ ಇರಲಿಲ್ಲ.

ಸೂತಕ, ಬಾಣಂತನ ಎಲ್ಲ ಕಳೆದು ಸೊಸೆ ಮಗುವನ್ನು ಕರೆದುಕೊಂಡು ಬರುವ ಹೊತ್ತಿಗೆ ದಾಳಿಂಬೆ ತೆಂಗಿನಕಾಯಿ ಆಗಿತ್ತು. ಕುಲಾವಿ ಹಿಡಿಸಲಾರದು ಎಂದುಕೊಂಡೆ. ಉಲ್ಲನ್ ಹಿಗ್ಗುತ್ತದೆ ಎಂದು ಇವರು ಹೇಳುತ್ತಿದ್ದರು. ಹಿಗ್ಗಿತು. ಆ ಇನ್ನೊಂದು ಸುತ್ತು ಇಲ್ಲದಿದ್ದರೆ ಕಿವಿ ಹೊರಗೇ ಉಳಿಯುತ್ತಿತ್ತು.

ಸೊಸೆ ಮಗುವನ್ನು ನನ್ನ ಮಡಿಲಿಗೆ ಹಾಕಿ, ಸೂಜಿ ಕೈಗೆ ಕೊಟ್ಟಳು. "ಅತ್ತೆ, ಬೊಟ್ಟು ಯಾವ ಕಡೆ?"

ಎಡದಿಂದ ನೋಡಿದೆ. ಬಲದಿಂದ ನೋಡಿದೆ. ಮತ್ತೆ ಎಡದಿಂದ ನೋಡಿದೆ. ನನಗೆ ಗೊತ್ತಾಗಲಿಲ್ಲ. ಇವರ ಜೊತೆ ಅಷ್ಟು ವರ್ಷ ಬಾಳಿದ್ದೇನೆ, ನೋಡುವುದನ್ನು ಮಾತ್ರ ಕಲಿತಿರಲಿಲ್ಲ. ಮಗ, "ಎಲ್ಲೋ ಒಂದು ಕಡೆ ಹಾಕಮ್ಮ" ಅಂದ. ಸೊಸೆ, "ಬ್ಯಾಡ, ಇರ್ಲಿ ಬಿಡ್ರಿ" ಎಂದು ಸೂಜಿಯನ್ನು ವಾಪಸು ತೆಗೆದುಕೊಂಡಳು.

ಈಗ ಬೆಳಗಿನ ಬಿಸಿಲಿಗೆ ಮೊಮ್ಮಗಳನ್ನು ಜಗಲಿಯ ಮೇಲೆ ಅದೇ ಕುಲಾವಿ ಹಾಕಿ ಮಲಗಿಸುತ್ತೇನೆ. ಬಂದವರು ಬಗ್ಗಿ ನೋಡಿ ಚೆಂದ ಐತೆ, ಚೆಂದ ಐತೆ ಎಂದು ಹೇಳಿ ಹೋಗುತ್ತಾರೆ. ಸುಟ್ಟ ಬದನೆಕಾಯಿ ಎಂದು ಇನ್ನೂ ಯಾರೂ ಅಂದಿಲ್ಲ. ಕುಲಾವಿಗೆ ಬೊಟ್ಟಿಲ್ಲ.