ಹವೇಲಿಗೆ ಏಸಿ ಹಾಕಲು ಹೊರಟದ್ದು

ಮರುಭೂಮಿಯ ಹಳೆಯ ಕಟ್ಟಡದಲ್ಲಿ ಏಸಿ ಇಲ್ಲದೆ ಬೇಸಿಗೆ ಕಳೆಯಲಾಗದು ಎಂದು ಕೆನಡಾದ ನಮ್ಮ ನಾರ್ತ್ ಯಾರ್ಕ್ ಆಫೀಸಿನಲ್ಲಿ ಎಲ್ಲರೂ ನಂಬಿದ್ದರು. ಯಾರೂ ಮರುಭೂಮಿ ನೋಡಿರಲಿಲ್ಲ. ಹಾಗಾಗಿ ನಂಬಿಕೆ ಗಟ್ಟಿಯಾಗಿತ್ತು, ಅದರಿಂದಾದ ಫಜೀತಿಗಳಿಗೂ ಬರವಿರಲಿಲ್ಲ.

ರಾಜಸ್ಥಾನದ ಒಂದು ಹವೇಲಿ, ಹಳೇ ಕಾಲದ ಸಾಹುಕಾರರ ದೊಡ್ಡ ಮನೆ, ಮ್ಯೂಸಿಯಂ ಆಗಲಿತ್ತು. ಅದನ್ನು ತಂಪಾಗಿಡುವ ಡಿಸೈನು ನಮ್ಮದು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವನು ನಾನು, ಮೈಸೂರಿನವನು. ನನ್ನ ಮೇಲೆ ಹುಬ್ಬಳ್ಳಿಯ ಹಿರಿಯ ಎಂಜಿನಿಯರು. ಆ ಕಡೆ, ನಲವತ್ತು ವರ್ಷದಿಂದ ಹವೇಲಿ ಕಾಯುತ್ತಿದ್ದ ಒಬ್ಬ ಅಜ್ಜಿ. ಹುಬ್ಬಳ್ಳಿಯವರ ಹಿಂದಿಯಲ್ಲಿ ಮಾತುಕತೆ. ಪ್ರತಿ ವಿಡಿಯೋ ಕಾಲಿನಲ್ಲೂ ಅಜ್ಜಿಯದು ಒಂದೇ ಪ್ರಶ್ನೆ: "ಗೋಡೆ ಕೊರೆಯುತ್ತೀರಾ, ಬೇಟಾ?"

ಕೊರೆಯಲೇಬೇಕಿತ್ತು. ಏಸಿ ಪೈಪಿಗೆ ಹನ್ನೊಂದು ತೂತು. ಅದರಲ್ಲಿ ಎರಡು, ನೇರ ಹಳೆಯ ಗೋಡೆಚಿತ್ರದ ಮೇಲೆ.

೧. ಛಾವಣಿಯ ಭಾರ

ಛಾವಣಿ ದುರ್ಬಲ, ಉಕ್ಕಿನ ತೊಲೆ ಬೇಕು ಎಂದು ಮೊದಲ ವರದಿ ಕಳಿಸಿದೆವು. ಅಜ್ಜಿ ಕೇಳಿದರು, "ಇಷ್ಟು ಕಾಲ ನಿಂತಿದೆಯಲ್ಲ. ಮೇಲೆ ಏನು ಇಡುತ್ತೀರಿ?"

ಹುಬ್ಬಳ್ಳಿಯವರು ಫೈಲು ತೆರೆದರು. ಇಲ್ಲೇ ಹತ್ತಿರದ ಎಟೋಬಿಕೋಕ್‌ನ ಹಳೆಯ ಶಾಲೆಯೊಂದರ ಫೈಲನ್ನೇ ನಾನು ಕಾಪಿ ಮಾಡಿದ್ದೆ.

"ಹಿಮದ ಭಾರಾ ಹಾಕೀರಲ್ರೀ, ಹವೇಲಿ ಮ್ಯಾಲೆ!"

"ಎಷ್ಟಿದೆ?"

"ಅಜ್ಜಿ ಸಲಿಕೆ ಹಿಡಕೊಂಡು ಹತ್ತಬೇಕು. ಅಷ್ಟೈತಿ."

೨. ಮೇ ತಿಂಗಳ ಸೆಕೆ

ಹವೇಲಿಯೊಳಗೆ ನಲವತ್ತೊಂದು ಡಿಗ್ರಿ ಎಂದಿತು ನನ್ನ ಲೆಕ್ಕ. ಅಲ್ಲಿಟ್ಟಿದ್ದ ಥರ್ಮಾಮೀಟರು ಇಪ್ಪತ್ತೊಂಬತ್ತು ಎಂದಿತು. ಥರ್ಮಾಮೀಟರು ಕೆಟ್ಟಿದೆ ಎಂದು ಹೊಸದು ಕಳಿಸಿದೆವು. ಅದೂ ಇಪ್ಪತ್ತೊಂಬತ್ತು ಎಂದಿತು. ಅದೂ ಕೆಟ್ಟಿದೆ ಎಂದು ಬರೆದುಕೊಂಡೆವು.

ಅಜ್ಜಿಯನ್ನೇ ಕೇಳೋಣವೆಂದು ಬೆಳಿಗ್ಗೆ ಕಾಲ್ ಮಾಡಿದೆವು. ಅಲ್ಲಿ ಸಂಜೆ ನಾಲ್ಕೂವರೆ, ಹೊರಗೆ ಬೆಂಕಿ ಬಿಸಿಲು. ಇಲ್ಲಿ ನಮ್ಮ ಬಿಲ್ಡಿಂಗಿನವರು ಜೂನ್ ಬರುವವರೆಗೆ ಹೀಟರ್ ಆರಿಸುವುದಿಲ್ಲ. ಹುಬ್ಬಳ್ಳಿಯವರು ಹವೇಲಿಯ ನಕ್ಷೆಯಿಂದಲೇ ಗಾಳಿ ಹಾಕಿಕೊಳ್ಳುತ್ತ ಕೇಳಿದರು, "ಅಜ್ಜಿ, ಸೆಕೆ ಹೇಗಿದೆ?"

ಬೆವರಿನ ಹನಿಯೂ ಇಲ್ಲದ ಅಜ್ಜಿ ಪರದೆಯ ಹತ್ತಿರ ಬಂದು ನಮ್ಮಿಬ್ಬರನ್ನೂ ನೋಡಿದರು. "ಪಾಪ, ಕೆನಡಾದಲ್ಲಿ ಏಸಿ ಸಿಗುವುದಿಲ್ಲವಾ?"

೩. ಕತ್ತಲ ಕೋಣೆ

ನಕ್ಷೆಗೆ ಸಹಿ ಬೀಳುವ ದಿನ. ತೂತಿನ ಜಾಗ ಕೊನೆಯ ಬಾರಿ ನೋಡಬೇಕಿತ್ತು. ವಿಡಿಯೋದಲ್ಲಿ ಬರೀ ಕತ್ತಲು.

"ಅಜ್ಜಿ, ಒಂದು ಕಿಟಕಿ ತೆರೆಯಿರಿ," ಅಂದರು ಹುಬ್ಬಳ್ಳಿಯವರು.

"ಈಗಲಾ?" ಅಜ್ಜಿಯ ದನಿ ಏರಿತು. "ಬಿಸಿಲಲ್ಲಿ ಯಾರಾದರೂ ಕಿಟಕಿ ತೆರೆಯುತ್ತಾರಾ? ಹೊತ್ತು ಮುಳುಗಿದ ಮೇಲೆ ತೆರೆಯುತ್ತೇನೆ, ಹುಟ್ಟುವ ಮೊದಲು ಮುಚ್ಚುತ್ತೇನೆ. ಗೋಡೆ ಕೊರೆಯುವವರಿಗೆ ಇಷ್ಟೂ ಗೊತ್ತಿಲ್ಲವಾ?"

ಹುಬ್ಬಳ್ಳಿಯವರು ನಿಧಾನಕ್ಕೆ ನನ್ನ ಕಡೆ ತಿರುಗಿದರು. "ನಿಮ್ಮ ಲೆಕ್ಕದಾಗ ಕಿಟಕಿ ಯಾವಾಗ ತಗೀತಾವ್ರಿ?"

ನೋಡಿದೆ. ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುತ್ತಿದ್ದವು. ಶನಿವಾರ, ಭಾನುವಾರ ರಜೆ.

"ಹವೇಲೀನ ನೌಕರಿಗೆ ಹಚ್ಚೀರಲ್ರೀ," ಅಂದರು.

ತಿದ್ದಿ ಲೆಕ್ಕವನ್ನು ಮತ್ತೆ ಓಡಿಸಿದೆ. ಇಪ್ಪತ್ತೊಂಬತ್ತು. ಏಸಿಯೇ ಬೇಕಿರಲಿಲ್ಲ. ಹನ್ನೊಂದು ತೂತುಗಳನ್ನೂ ನಕ್ಷೆಯಿಂದ ಅಳಿಸಿದೆವು. ಇಷ್ಟು ತಿಂಗಳ ಡಿಸೈನು ಯಾಕೆ ರದ್ದಾಯಿತು, ಒಂದು ಸಾಲಿನಲ್ಲಿ ಕಾರಣ ಬರೆಯಿರಿ ಎಂದರು ಮ್ಯಾನೇಜರು.

ಬರೆದೆ: ಅಜ್ಜಿ ಹಗಲಲ್ಲಿ ಕಿಟಕಿ ಮುಚ್ಚುತ್ತಾರೆ.